ತೆರೆ ಅಂದರೆ ತಪ್ಪಂತೆ

ಅಪ್ಪಾ,

ನೀನು ತೀರಿಹೋದ ಮೇಲೆ ಇಂಥ ಕೆಟ್ಟ ಕನಸು ಬಿದ್ದಿರಲಿಲ್ಲ. ನಿನ್ನ ಮೊಮ್ಮಗಳು ಅಂಕಿತಾ ಶಾಲೆ ಬಿಟ್ಟು ಮೀನು ಒಣಗಿಸುತ್ತ ಕೂತಿದ್ದಳು.

ನಿನ್ನೆ ವಿಜ್ಞಾನ ಪ್ರದರ್ಶನದಲ್ಲಿ ಅವಳು ಲೇಸರ್ ಟಾರ್ಚ್ ಹಿಡಿದು, "ಬೆಳಕೂ ತೆರೆಯೇ. ಲೇಸರಿನಲ್ಲಿ ಎಲ್ಲಾ ತೆರೆ ಒಟ್ಟಿಗೇ ಏಳ್ತದೆ, ಒಟ್ಟಿಗೇ ಬೀಳ್ತದೆ" ಎಂದಳು. ಮಾಸ್ತರರು ಎಲ್ಲರೆದುರು ನಕ್ಕರು. "ತರಂಗ ಅನ್ನು. ತೆರೆಯಂತೆ, ಮೀನುಪೇಟೆ ಭಾಷೆ." ಇನ್ನು ಶಾಲೆಗೇ ಹೋಗುವುದಿಲ್ಲ ಎನ್ನುತ್ತಾಳೆ ಹುಡುಗಿ.

"ಅದರಲ್ಲಿ ಎಂತ ತಪ್ಪು ಮಾಸ್ತರೇ?" ಎಂದು ನಾನು ಅಲ್ಲೇ ಕೇಳಿದ್ದೆ.

"ನೀನು ಎಷ್ಟನೇ ಇಯತ್ತೆ ಕಲ್ತದ್ದು?"

"ಐದು" ಎಂದೆ. ಶಾಲೆ ಬಿಡಿಸಿದ್ದು ನೀನೆಂದು ಹೇಳಲಿಲ್ಲ.

ನಾಳೆ ಮತ್ತೆ ಹೋಗಿ ಮಾಸ್ತರರನ್ನು ಕೇಳುತ್ತೇನೆ. ತೆರೆ ಮುಂದೆ ಸಾಗಿದರೂ ನೀರು ಅಲ್ಲಲ್ಲೇ ಏರಿಳಿಯುತ್ತದೆ ಎಂದು ತೆಂಗಿನಗುಂಡಿಯ ಕಡಲಲ್ಲಿ ತೇಲುವ ಬೆಂಡು ತೋರಿಸಿ ಕಲಿಸಿದವನು ನೀನೇ. ಆದರೆ ಇವತ್ತು ನಾನು ಎಸೆದ ಬೆಂಡು ದಂಡೆಗೇ ಬಂತು. ತೆರೆ ಒಡೆಯುವ ಜಾಗದಿಂದ ಆಚೆ ಎಸೆಯಬೇಕು ಎಂದಿದ್ದೆಯಲ್ಲವೇ? ಕನಸಿನಲ್ಲಿ ಬಂದು ಅದೊಂದನ್ನು ಇನ್ನೊಮ್ಮೆ ಹೇಳು.