ಎರಡನೇ ಪಾಳಿಯ ಬಳೆ ಸದ್ದು

ಕೋಟೋ, ಟೋಕಿಯೊ
೧೭ ನವೆಂಬರ್ ೨೦೨೪

ಪ್ರೀತಿಯ ಕಾಂತೂ,

ಅಕ್ಕನ ಆಶೀರ್ವಾದವನ್ನು ಮೊದಲೇ ತೆಗೆದುಕೊಂಡುಬಿಡು. ಕಾಗದ ಓದುತ್ತಾ ಓದುತ್ತಾ ನಿನಗೆ ಕೋಪ ಬರುವುದು ಖಂಡಿತ, ಆಮೇಲೆ ಬೇಡ ಎನ್ನುವ ಹಾಗಿಲ್ಲ. ಮಣಿಕಟ್ಟು ಹೇಗಿದೆ? ಬಚ್ಚಲಲ್ಲಿ ಜಾರಿ ಮುರಿದುಕೊಂಡ ಮೂಳೆ ಕೂಡಿಕೊಂಡಿದೆ, ಆದರೆ ಎಡಗೈ ಬೆರಳು ಮಡಚಲು ಕಷ್ಟ ಎಂದು ನಿನ್ನ ಮಗ ವಿನಾಯಕ್ ಹೇಳಿದ. ಹಿಚುಕುತ್ತಿರಿ ಎಂದು ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ನೀನು ನಾಯಿಗೆ ಎಸೆಯುತ್ತಾ ಕೂತಿರುತ್ತೀಯಂತೆ. ವ್ಯಾಯಾಮ ಆಗುತ್ತಿರುವುದು ನಾಯಿಗೆ ಕಣೋ, ನಿನ್ನ ಬೆರಳಿಗಲ್ಲ. ಮೈಸೂರಿನಲ್ಲಿ ಚಳಿ ಶುರುವಾಗಿರಬೇಕು, ಕಿವಿಗೆ ಮಫ್ಲರ್ ಇಲ್ಲದೆ ವಾಕಿಂಗ್ ಹೊರಡಬೇಡ. ನಾನಿಲ್ಲಿ ಮಗಳ ಮನೆಯಲ್ಲಿ ಸುಖವಾಗಿದ್ದೇನೆ. ಅನು ದಿನವಿಡೀ ಕಂಪ್ಯೂಟರ್ ಮುಂದೆ ಕೂತು ತಲೆಯಾಡಿಸುತ್ತಾಳೆ, ಅದಕ್ಕೆ ಮೀಟಿಂಗ್ ಎನ್ನುತ್ತಾರೆ. ಮೊಮ್ಮಗಳು ಪ್ರಣತಿಯನ್ನು ಕನ್ನಡದಲ್ಲಿ ಬೈದರೆ ಜಪಾನಿಯಲ್ಲಿ ಉತ್ತರ ಬರುತ್ತದೆ. ಅದು ಕ್ಷಮಾಪಣೆಯೋ ಎದುರುತ್ತರವೋ ತಿಳಿಯದೆ ನಾನೇ ಸುಮ್ಮನಾಗುತ್ತೇನೆ. ಕೆಳಗಿನ ಕೊಂಬಿನಿ ಅಂಗಡಿಗೆ ಒಬ್ಬಳೇ ಹೋಗಿ ಹಾಲು ತರುವುದನ್ನೂ ಕಲಿತಿದ್ದೇನೆ.

ಫೋನ್ ಇರುವಾಗ ಅಕ್ಕನಿಗೆ ಕಾಗದ ಬರೆಯುವ ಹುಚ್ಚು ಯಾಕೆ ಎಂದು ನೀನು ಕೇಳಬಹುದು. ಫೋನಿನಲ್ಲಿ ನಿನ್ನ ಹಳೆಯ ಗೆಳೆಯ ನಟರಾಜನ ಹೆಸರೆತ್ತಿದರೆ ಸಾಕು, ನಿನ್ನ ಮನೆಯಲ್ಲಿ ನೆಟ್‌ವರ್ಕ್ ಹೋಗಿಬಿಡುತ್ತದೆ. ಎರಡು ಸಲ ನೋಡಿದೆ. ಕಾಗದಕ್ಕೆ ಆ ತೊಂದರೆ ಇಲ್ಲ, ಹರಿದು ಹಾಕಬೇಕಾದರೂ ಕೈಯಲ್ಲಿ ಹಿಡಿಯಲೇಬೇಕು. ಇದನ್ನು ಅಂಚೆಗೆ ಹಾಕುತ್ತಿಲ್ಲ. ಅನುವಿನ ಆಫೀಸಿನ ಕಿರಣ ಎಂಬ ಹುಡುಗ ರಜೆಗೆ ಬೆಂಗಳೂರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ಕೊಡುತ್ತೇನೆ. ಅಲ್ಲಿಂದ ಮೈಸೂರಿಗೆ ತರುವುದಕ್ಕೂ ಏರ್ಪಾಡಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಅಳಿಯ ಧೀರಜ್‌ಗೆ ಹಳೆಯ ಗ್ರಾಮಫೋನ್ ಪ್ಲೇಟುಗಳ ಹುಚ್ಚು ಎಂದು ನಿನಗೆ ಗೊತ್ತು. ಅವನು ಕೆಲಸ ಮಾಡುವ ಕಾವಾಸಾಕಿಯಲ್ಲಿ, ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಒಂದು ಕಾಫಿ ಅಂಗಡಿ ಇದೆ. ಜನ ಅಲ್ಲಿಗೆ ಹೋಗುವುದು ಹಾಡು ಕೇಳುವುದಕ್ಕೆ, ಕಾಫಿ ನೆಪಕ್ಕೆ. ಒಳಗೆ ಹೋದ ಮೇಲೆ ಮಾತಾಡುವ ಹಾಗಿಲ್ಲ. ಮಾಲೀಕರು ಕುರಿಹಾರಾ ಸಾನ್ ಎಂಬ ಬಿಳಿ ಮೀಸೆಯ ಮುದುಕರು. ಪ್ಲೇಟಿನ ಒಂದು ಮಗ್ಗುಲನ್ನು ಪೂರ್ತಿ ಹಾಕುತ್ತಾರೆ, ಅದರ ರಟ್ಟಿನ ಹೊದಿಕೆಯನ್ನು ಎಲ್ಲರಿಗೂ ಕಾಣುವ ಹಾಗೆ ಸ್ಟ್ಯಾಂಡಿನ ಮೇಲೆ ನಿಲ್ಲಿಸುತ್ತಾರೆ. ಒಮ್ಮೆ ಹಾಕಿದ್ದನ್ನು ಆ ದಿನ ಮತ್ತೆ ಹಾಕುವುದಿಲ್ಲ, ಯಾರು ಬೇಡಿಕೊಂಡರೂ ಇಲ್ಲ. ಆಗಸ್ಟಿನ ಒಂದು ಶನಿವಾರ ಧೀರಜ್ ಬಂದು, "ಅತ್ತೆ, ಒಂದು ಜಪಾನಿ ರೆಕಾರ್ಡಲ್ಲಿ ಕನ್ನಡ ಹಾಡಿದೆ, ಅದೂ ರಾಕ್! ನೀವೊಂದ್ಸಲ ಕೇಳ್ಳೇಬೇಕು" ಎಂದ. ನಮ್ಮ ಮನೆಗಳಲ್ಲಿ ನಿನ್ನ ಹಾಡಿನ ಸುದ್ದಿ ಎತ್ತುವ ಹಾಗಿರಲಿಲ್ಲವಲ್ಲ, ಅನುಗೇ ಗೊತ್ತಿಲ್ಲದ್ದು ಅಳಿಯನಿಗೆ ಹೇಗೆ ಗೊತ್ತಾಗಬೇಕು? ಯಾವುದೋ ಭಜನೆಯಿರಬೇಕು ಎಂದುಕೊಂಡು ನಾನೂ ಹೊರಟೆ.

ಹೊದಿಕೆಯ ಮೇಲೆ ತಾಜಮಹಲು, ಪಕ್ಕದಲ್ಲಿ ಆನೆ, ಸುತ್ತಲೂ ಡಾಬಿನ ಹಾಗೆ ಒಂದು ಕಾಗದದ ಪಟ್ಟಿ, ಅದರ ತುಂಬ ಜಪಾನಿ ಅಕ್ಷರ. ಏಷ್ಯಾದ ಯುವಕರ ಹಾಡುಗಳು ಎಂದು ಬರೆದಿದೆ ಎಂದ ಧೀರಜ್. ಕುರಿಹಾರಾ ಸಾನ್ ಮುಳ್ಳು ಇಳಿಸಿದರು. ಗಿಟಾರು ಫ್ಯಾಕ್ಟರಿ ಸೈರನ್ನಿನಂತೆ ಮೇಲೇರಿ ಮೇಲೇರಿ ನಿಂತಿತು. ಕಾಂತೂ, ನನ್ನ ಕೈಯಲ್ಲಿದ್ದ ಕಾಫಿ ಬಟ್ಟಲು ಅಲ್ಲೇ ನಿಂತುಬಿಟ್ಟಿತು. "ಸೈರನ್ನು ಕೂಗಿತು, ಸೈಕಲ್ಲು ಸಾಗಿತು" ಎಂದು ನಟರಾಜನ ಮೂಗಿನ ದನಿ! ಬಸವನಗುಡಿಯ ಹುಡುಗರು ನೀವು ಬ್ಯಾಂಡ್ ಕಟ್ಟಿ "ದಿ ಸ್ಟೀಲ್ ಟಂಬ್ಲರ್ಸ್" ಎಂದು ಹೆಸರಿಟ್ಟುಕೊಂಡು ಅಪ್ಪನ ಕೈಯಲ್ಲಿ ಉಗಿಸಿಕೊಂಡದ್ದು, ನಟರಾಜ ತನ್ನ ತಂದೆಯ ಕಾರ್ಖಾನೆ ಬದುಕನ್ನು "ಎರಡನೇ ಪಾಳಿ" ಎಂದು ಹಾಡು ಕಟ್ಟಿದ್ದು, ಎಲ್ಲವೂ ಆ ಒಂದು ಸಾಲಿನ ಜೊತೆಗೇ ನುಗ್ಗಿ ಬಂದವು.

ನಿನಗೆ ನೆನಪಿದೆಯಲ್ಲ, ರೆಕಾರ್ಡಿಂಗಿಗೆ ನೀವು ಮದರಾಸಿಗೆ ಬಂದಾಗ ನನ್ನ ಮದುವೆಯಾಗಿ ತಿಂಗಳು ಕಳೆದಿತ್ತಷ್ಟೆ. ನಿನ್ನ ಭಾವನಿಗೆ ಅಲ್ಲೇ ರೈಲ್ವೆ ಕೆಲಸ, ಎರಡು ಕೋಣೆಯ ಮನೆಯಲ್ಲಿ ನಿಮ್ಮ ಡ್ರಮ್ಮು ಇಟ್ಟ ಮೇಲೆ ನಮಗೆ ಕಾಲು ಚಾಚಲು ಜಾಗವಿರಲಿಲ್ಲ. ನಾನು ಪುಳಿಯೋಗರೆ ಹೊತ್ತು ಸ್ಟುಡಿಯೋಗೆ ಬಂದೆ. ಹಾಡಿನ ನಡುವೆ ನೀನು ನಾಲ್ಕರ ತಾಳ ಬಿಟ್ಟು ಏಳಕ್ಕೆ ಹಾರುತ್ತಿದ್ದೆ, ನನ್ನ ಸಂಗೀತ ಪಾಠ ಕದ್ದು ಕೇಳಿ ಕಲಿತ ಮಿಶ್ರ ಚಾಪು. ಡ್ರಮ್ಮು ಬಡಿಯುತ್ತಾ ಹಾಡುತ್ತಿದ್ದ ನಟರಾಜ ಪ್ರತಿ ಸಲವೂ ಅಲ್ಲೇ ಎಡವುತ್ತಿದ್ದ. ಕೊನೆಗೆ ನೀನೇ, "ಅಕ್ಕ, ಇವನ ಎದುರಿಗೆ ಕೂತ್ಕೊಂಡು ತಾಳ ಹಾಕೇ, ನೋಡ್ಕೊಂಡು ಬಾರಿಸ್ಲಿ" ಎಂದೆ. ಎಂಜಿನಿಯರು ಬಳೆ ತೆಗೆಯಬೇಕು ಎಂದರು. ಹೊಸ ಮದುವಣಗಿತ್ತಿ, ಕೈತುಂಬ ಹಸಿರು ಗಾಜಿನ ಬಳೆ, ಬರಿಗೈಯಲ್ಲಿ ಕೂರುವುದೆಂದರೇನು? ನಾನು ಒಪ್ಪಲಿಲ್ಲ. ಆತ ತಲೆ ಚಚ್ಚಿಕೊಂಡು ತನ್ನ ಕರ್ಚೀಫನ್ನೇ ನನ್ನ ಬಳೆಗಳ ಮೇಲೆ ಬಿಗಿದು ಕಟ್ಟಿದರು.

ಆ ಕರ್ಚೀಫು ಸಡಿಲವಾಗಿತ್ತು ಕಣೋ! ನಿನ್ನ ಗಿಟಾರು ಏಳಕ್ಕೆ ಹಾರುತ್ತಲೂ ಅದರ ಕೆಳಗೆ ಸಣ್ಣಗೆ ಘಲ್ ಘಲ್, ತಕಿಟ ತಕದಿಮಿ, ತಕಿಟ ತಕದಿಮಿ. ನನ್ನ ತೊಡೆಯ ಮೇಲೆ ನನ್ನ ಕೈ ಬೀಳುವುದು ನನಗೇ ಕೇಳಿಸಿತು. ಮಾತಾಡಬಾರದ ಅಂಗಡಿಯಲ್ಲಿ ನಾನು ಎದ್ದು ನಿಂತು, "ಅಯ್ಯೋ, ಇದು ನನ್ನ ಬಳೆ!" ಎಂದು ಕೂಗಿಬಿಟ್ಟೆ. ಕೂತವರೆಲ್ಲ ತಿರುಗಿದರು. ಧೀರಜ್ ಮುಖ ಕೆಂಪಾಗಿ ನಾಲ್ಕು ದಿಕ್ಕಿಗೂ ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತಾ ಬಗ್ಗಿದ. ನಾನು ಬಗ್ಗುವುದನ್ನೂ ಮರೆತು ಅಳುತ್ತಿದ್ದೆ. ನಿನ್ನ ಭಾವ ಹೋದ ಮೇಲೆ ಗಾಜಿನ ಬಳೆ ಬಿಟ್ಟವಳು ನಾನು. ಅವರು ತಂದುಕೊಟ್ಟ ಬಳೆ ಕಾವಾಸಾಕಿಯಲ್ಲಿ ಇನ್ನೂ ಸದ್ದು ಮಾಡುತ್ತಿದೆ ಎಂದರೆ ಅಳದೆ ಇನ್ನೇನು ಮಾಡಲಿ ಹೇಳು.

ಆಮೇಲೆ ತಿಳಿದದ್ದು ಕೇಳು. ಆ ಅಂಗಡಿಯ ಹಳೆಯ ಗಿರಾಕಿಗಳು ಆ ಸದ್ದು ಯಾವ ವಾದ್ಯದ್ದೆಂದು ವರ್ಷಗಳಿಂದ ವಾದ ಮಾಡುತ್ತಿದ್ದರಂತೆ. ಒಬ್ಬರ ಪ್ರಕಾರ ಗೆಜ್ಜೆ, ಇನ್ನೊಬ್ಬರ ಪ್ರಕಾರ ಪುಟ್ಟ ತಾಳ, ಮತ್ತೊಬ್ಬ ಪಂಡಿತರ ಪ್ರಕಾರ ಹಿಮಾಲಯದ ಯಾವುದೋ ಪೂಜೆಯ ಗಂಟೆ. ಧೀರಜ್ ವಿವರಿಸಿದ ಮೇಲೆ ಕುರಿಹಾರಾ ಸಾನ್ ನನ್ನ ಹತ್ತಿರ ಬಂದು, ನನ್ನ ಬಲಗೈಗೆ, ನನಗಲ್ಲ, ಕೈಗೆ, ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು. ಅವರು ಹರೆಯದಲ್ಲಿ ಅಲ್ಲಿಯ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಎರಡನೇ ಪಾಳಿ ಮುಗಿಸಿ ಬಂದು ಈ ಹಾಡು ಕೇಳುತ್ತಿದ್ದರಂತೆ, ಒಂದು ಮಾತೂ ಅರ್ಥವಾಗದಿದ್ದರೂ ಇದು ಪಾಳಿಯವರ ಹಾಡು ಎಂದು ಗೊತ್ತಾಗುತ್ತಿತ್ತಂತೆ. ಇಷ್ಟು ಹೇಳಿ, ಅಂಗಡಿ ತೆರೆದಾಗಿನಿಂದ ಮುರಿಯದ ನಿಯಮ ಮುರಿದು, ಅದೇ ಮಗ್ಗುಲನ್ನು ಮತ್ತೆ ಹಾಕಿದರು.

ನೀನೀಗ ಹುಬ್ಬು ಗಂಟಿಕ್ಕಿರುತ್ತೀಯ. ಆ ಗಿಟಾರಿನ ಭಾಗವೇ ಪ್ಲೇಟಿನಲ್ಲಿ ಇರಲಿಲ್ಲವಲ್ಲ, ಅಕ್ಕನಿಗೆ ಅರಳುಮರಳು ಎಂದುಕೊಂಡಿರುತ್ತೀಯ. ನಮ್ಮಲ್ಲಿ ಬಂದ ಪ್ಲೇಟಿನಲ್ಲಿ ಇರಲಿಲ್ಲ, ನಿಜ. ಚಿಕ್ಕ ಪ್ಲೇಟಿನ ಒಂದು ಮಗ್ಗುಲಿಗೆ ಹಾಡು ಉದ್ದವಾಯಿತೆಂದು ಕಂಪನಿಯವರು ನಿನ್ನ ಗಿಟಾರನ್ನೇ ಕತ್ತರಿಸಿದರು, ನಟರಾಜ ನಿನ್ನನ್ನು ಕೇಳದೆ ಹೂಂ ಎಂದ. ಗೆಳೆಯರನ್ನೆಲ್ಲ ಕೂರಿಸಿಕೊಂಡು ಪ್ಲೇಟು ಹಾಕಿದಾಗ ನಿನ್ನ ಭಾಗ ಬರಲೇ ಇಲ್ಲ. ನೀನು ಎದ್ದು ಬಂದು ಗಿಟಾರನ್ನು ಅಟ್ಟಕ್ಕೆ ಹಾಕಿದೆ, ಬ್ಯಾಂಕು ಸೇರಿದೆ. ಅವನು ಮಾಡಿದ್ದು ತಪ್ಪೇ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಅಮ್ಮ ನಿನಗೆ ಹೇಳಿಹೇಳಿ ಸೋತಳು.

ಮುಂದಿನ ಕಥೆ ನಟರಾಜನೇ ಹೇಳಿದ್ದು. ಅನು ಅವನ ನಂಬರು ಹುಡುಕಿ ಕೊಟ್ಟಳು, ನಾನು ಫೋನ್ ಮಾಡಿದೆ. ಅದೇ ಕಂಪನಿ ಜಪಾನಿಗೆ ಹಾಡುಗಳನ್ನು ಕಳಿಸುತ್ತದೆ ಎಂದು ಅವನಿಗೆ ತಿಳಿಯಿತಂತೆ. ಜಪಾನಿನವರದು ದೊಡ್ಡ ಪ್ಲೇಟು, ಜಾಗಕ್ಕೆ ಕೊರತೆಯಿಲ್ಲ. ಅಷ್ಟರಲ್ಲಿ ಕಾರ್ಖಾನೆ ಸೇರಿದ್ದ ಅವನು ರಜೆ ಹಾಕಿ ಮದರಾಸಿಗೆ ಹೋಗಿ, ಕರ್ಚೀಫು ಕಟ್ಟಿದ ಆ ಎಂಜಿನಿಯರನ್ನೇ ಹಿಡಿದು, ಕತ್ತರಿಸದ ಟೇಪನ್ನೇ ಕಳಿಸಿ ಎಂದು ಬೇಡಿ ಒಪ್ಪಿಸಿದನಂತೆ, ಕಾಲು ಹಿಡಿಯುವುದೊಂದು ಬಾಕಿ. ಅದನ್ನು ಹೇಳುವುದಕ್ಕೇ ಮನೆಗೆ ಬಂದಿದ್ದನಂತೆ. ನೀನು ಒಳಗಿನಿಂದ ಚಿಲಕ ಹಾಕಿಕೊಂಡೆ. ಅಮ್ಮ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಟ್ಟು ಕಳಿಸಿದಳು. ಮುಂದೆ ಮದರಾಸಿನ ಕಂಪನಿಯೇ ಮುಚ್ಚಿತು, ಜಪಾನಿನಲ್ಲಿ ಪ್ಲೇಟು ಬಂತೋ ಇಲ್ಲವೋ ಅವನಿಗೂ ತಿಳಿಯಲಿಲ್ಲ. ನಾನು ಫೋನಿನಲ್ಲಿ, ಬಂದಿದೆ ಕಣೋ, ಪೂರ್ತಿ ಬಂದಿದೆ, ಎಂದಾಗ ಆ ಕಡೆ ಬರೀ ಗೊರಗೊರ ಸದ್ದು. ನೆಟ್‌ವರ್ಕ್ ಹೋಯಿತೇನೋ ಎಂದುಕೊಂಡೆ, ಆದರೆ ಅವನು ನಿನ್ನಂಥವನಲ್ಲ, ಅಳುತ್ತಿದ್ದ.

ಈಗ ಮೋರಿತಾ ಸಾನ್ ಎಂಬ ಹುಡುಗಿ ಆ ಹಾಡನ್ನು ಮತ್ತೆ ಹೊರತರಬೇಕೆಂದಿದ್ದಾಳೆ. ಹಳೆಯ ಹಾಡುಗಳನ್ನು ಹುಡುಕಿ ಮತ್ತೆ ಪ್ಲೇಟು ಮಾಡುವ ಸಣ್ಣ ಕಂಪನಿ ಅವಳದು. ಮದರಾಸಿನಿಂದ ಬಂದ ಟೇಪೂ ಇಲ್ಲಿಯ ಗೋದಾಮಿನಲ್ಲಿ ಸಿಕ್ಕಿದೆ. ನಿನಗೆ ಇ-ಮೇಲ್ ಕಳಿಸಿದವಳು ಅವಳೇ. ನೀನು ಓಟಿಪಿ ಕಳ್ಳರೆಂದು ತಿಳಿದು ಬ್ಲಾಕ್ ಮಾಡಿದೆಯಂತೆ, ಭೇಷ್! ನುಡಿಸಿದವರೆಲ್ಲ ಒಪ್ಪದೆ ಅವಳು ಒಂದು ಹೆಜ್ಜೆಯೂ ಇಡುವುದಿಲ್ಲ. ನಟರಾಜನೋ, "ಮೊದ್ಲು ಕಾಂತು ಹೂಂ ಅನ್ಲಿ, ಆಮೇಲೆ ನಾನು. ಹೋದ್ಸಲ ಮುಂಚೆ ಹೂಂ ಅಂದು ಅನುಭವಿಸಿದ್ದು ಸಾಕು" ಎಂದು ಕೂತಿದ್ದಾನೆ. ಹೀಗಾಗಿ ಎಲ್ಲವೂ ನಿನ್ನ ಒಂದು ಮಾತಿಗೆ ನಿಂತಿದೆ. ಹಾಡು ಹೊರಬರುವುದು ದೊಡ್ಡದು, ಆದರೆ ನನಗೆ ಅದಕ್ಕಿಂತ ದೊಡ್ಡದು ನೀವಿಬ್ಬರೂ ಮಾತಾಡುವುದು. ನಿಮ್ಮ ಕೋಪ ಎಷ್ಟೇ ಗಟ್ಟಿಯಿರಲಿ, ನಿಮ್ಮ ಮಂಡಿಗಳು ಅಷ್ಟು ಗಟ್ಟಿಯಿಲ್ಲ.

ಮೋರಿತಾ ಸಾನ್ ಸದ್ದು ಹೋಲಿಸಿ ನೋಡಬೇಕೆಂದು ಮನೆಗೆ ಬಂದಿದ್ದಳು. ಅನು, ಪ್ರಣತಿಯ ಭರತನಾಟ್ಯದ ಪೆಟ್ಟಿಗೆಯಿಂದ ಹಸಿರು ಗಾಜಿನ ಬಳೆ ತೆಗೆದು ನನ್ನ ಕೈಗೆ ಹಾಕಿದಳು. ನಾನು ಬೇಡವೆಂದೆ, ಅವಳು ಕೇಳಲಿಲ್ಲ. ತೊಡೆ ತಟ್ಟಿ ಮಿಶ್ರ ಚಾಪು ಹಾಕಿದೆ, ಆ ಹುಡುಗಿ ಕಣ್ಣು ಮುಚ್ಚಿ ಕೇಳಿ, ಅದೇ, ಅದೇ, ಎಂದು ಚಪ್ಪಾಳೆ ತಟ್ಟಿದಳು. ಹೊಸ ಪ್ಲೇಟಿನ ಹಿಂದೆ ಗಿಟಾರು ರಮಾಕಾಂತ, ಡ್ರಮ್ಮು ಮತ್ತು ಹಾಡು ನಟರಾಜ, ಬಳೆ ವೇದವಲ್ಲಿ ಎಂದು ಹಾಕುತ್ತಾಳಂತೆ! ಅವಳು ಹೋದ ಮೇಲೆ ಬಳೆ ತೆಗೆಯಬೇಕೆಂದುಕೊಂಡೆ, ಇನ್ನೂ ತೆಗೆದಿಲ್ಲ. ಊರಿಗೆ ಬರುವಾಗಲೂ ಹಾಕಿಕೊಂಡೇ ಬರುತ್ತೇನೆ, ಅಂದವರು ಅನ್ನಲಿ. ನನ್ನ ಕೈಗೆ ಬಳೆ ಮತ್ತೆ ಬಂದಿದೆ, ನಿನ್ನ ಗಿಟಾರು ಇನ್ನೂ ಅಟ್ಟದಲ್ಲಿದೆ. ರಬ್ಬರ್ ಚೆಂಡಿಗಿಂತ ಅದು ಒಳ್ಳೆಯ ವ್ಯಾಯಾಮ ಎಂದು ನಿನಗೆ ಬೇರೆಯವರು ಹೇಳಬೇಕೇ?

ವಿನಾಯಕನಿಗೂ ಸೊಸೆ ವಸುಧಾಗೂ ನನ್ನ ಆಶೀರ್ವಾದ ತಿಳಿಸು. ನಾಯಿಗೆ ಹೆಚ್ಚು ಬಿಸ್ಕತ್ತು ಹಾಕಬೇಡ. ದೇವರು ನಿನ್ನ ಬೆರಳಿಗೆ ಬಲವನ್ನೂ ತಲೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಕ್ಕ,
ವೇದವಲ್ಲಿ

ಮರೆತಿದ್ದೆ: ಕಿರಣ ಕೆಳಗೆ ಟ್ಯಾಕ್ಸಿಯಲ್ಲಿ ಕಾಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ಅವನು ಈ ಕಾಗದ ಕೊಡುವುದು ನಟರಾಜನ ಕೈಗೆ. ಮೈಸೂರಿಗೆ ತಂದು, ಈಗ ತಾನೆ ವಿನಾಯಕನಿಗೆ ಕೊಟ್ಟವನೂ ನಟರಾಜನೇ. ಒಳಗೆ ಕರೆದರೂ ಬರುವುದಿಲ್ಲವಂತೆ, ನೀನು ಓದಿ ಮುಗಿಸುವವರೆಗೆ ಗೇಟಿನ ಹೊರಗೆ ನಿಂತಿರುತ್ತಾನಂತೆ. ಅವನ ಚೀಲದಲ್ಲಿ ಗಿಟಾರಿಗೆ ಹೊಸ ತಂತಿಗಳಿವೆ. ಕಾಫಿಗೆ ಸಕ್ಕರೆ ಬೇಡ, ಅವನಿಗೂ ನಿನ್ನ ಕಾಯಿಲೆಯೇ. ಕಾಗದ ಕೆಳಗಿಡು ಕಾಂತೂ, ಏಳು, ಬಾಗಿಲು ತೆಗಿ.