ಅಮ್ಮನನ್ನು ಹೊತ್ತ ಗಾಡಿ

ಮ್ಜಿಂಬಾ, ಮಲಾವಿ

ಪ್ರೀತಿಯ ಅಪ್ಪಾ,

ಅಮ್ಮ ತೀರಿಕೊಂಡದ್ದನ್ನು ಚಿಕ್ಕಪ್ಪ ಫೋನಿನಲ್ಲಿ ಹೇಳಿದ್ದಾರೆ. ಉಳಿದದ್ದನ್ನು ನಾನು ಬರೆಯುತ್ತಿದ್ದೇನೆ. ಪುಟ್ಟ ತಂಗಿ ಚೆನ್ನಾಗಿದ್ದಾಳೆ, ಅಜ್ಜಿಯ ಹತ್ತಿರ ಇದ್ದಾಳೆ.

ನೀವು ಗಣಿ ಕೆಲಸಕ್ಕೆ ಹೋದಮೇಲೆ ನಾನು ಹಳೆಯ ಕಬ್ಬಿಣದ ಮಂಚಕ್ಕೆ ಚಕ್ರ ಜೋಡಿಸಿ, ಸೈಕಲ್ಲಿನ ಹಿಂದೆ ಕಟ್ಟುವ ಗಾಡಿ ಮಾಡಿದ್ದೆ. ಶಾಲೆ ಬಿಟ್ಟಮೇಲೆ ಊರವರ ಮೆಕ್ಕೆಜೋಳವನ್ನು ಗಿರಣಿಗೆ ಸಾಗಿಸಿ ನನ್ನ ಫೀಸು ನಾನೇ ಕಟ್ಟುತ್ತಿದ್ದೆ. ಅಮ್ಮನಿಗೆ ಹೆರಿಗೆ ನೋವು ಶುರುವಾದಾಗ ಬೇರೆ ವಾಹನ ಸಿಗಲಿಲ್ಲ. ಆ ಗಾಡಿಯಲ್ಲೇ ಮಲಗಿಸಿ ಆಸ್ಪತ್ರೆಗೆ ಹೊರಟೆ.

"ನನ್ನ ಹತ್ರಾನೂ ಬಾಡಿಗೆ ಕೇಳ್ತೀಯೇನೇ?" ಎಂದು ನಕ್ಕಳು. ಆಮೇಲೆ ದಾರಿಯುದ್ದಕ್ಕೂ ಮಂಚದ ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆಸ್ಪತ್ರೆಯಲ್ಲಿ ತಂಗಿ ಹುಟ್ಟಿದಳು, ಅಮ್ಮನ ರಕ್ತ ನಿಲ್ಲಲಿಲ್ಲ. ಮನೆಗೂ ಅವಳನ್ನು ಅದೇ ಗಾಡಿಯಲ್ಲಿ ತಂದೆವು.

ಹೆಣ ಹೊತ್ತ ಗಾಡಿಯೆಂದು ಈಗ ಯಾರೂ ಜೋಳ ಕೊಡುವುದಿಲ್ಲ. ಮುರಿದು ಗುಜರಿಗೆ ಹಾಕೋಣವೆಂದಿದ್ದೆ. ನಿನ್ನೆ ಪಕ್ಕದ ಮನೆಯ ನ್ಯಾಗೊಂದ್ವೆ ತುಂಬಿದ ಹೊಟ್ಟೆ ಹೊತ್ತು ಬಂದರು. "ಜನ ಏನಾದ್ರೂ ಅಂದ್ಕೊಳ್ಲಿ ಮಗಾ, ನನ್ನ ಹೆರಿಗೆ ದಿನ ಬಂದಾಗ ಕರ್ಕೊಂಡು ಹೋಗ್ತೀಯಾ?" ಎಂದರು. ಹೂಂ ಎಂದೆ.

ಬರುವಾಗ ನನಗೆ ಬಟ್ಟೆ ಬೇಡ ಅಪ್ಪಾ. ಗಾಡಿಗೆ ಹಾಕಲು ಒಂದು ಜೊತೆ ಸ್ಪ್ರಿಂಗ್ ತನ್ನಿ. ಅಮ್ಮನಿಗೆ ತುಂಬಾ ಕುಲುಕಿತ್ತು.

ನಿಮ್ಮ ಮಗಳು,
ತೆಮ್ವನಾನಿ