ನಮ್ಮ ನಿಮ್ಮ ಬದುವಿನ ಮೇಲೊಂದು ಸ್ಪರ್ಧೆ

ಪಾಂಡವಪುರ
೩೧ ಆಗಸ್ಟ್ ೧೯೯೭, ಭಾನುವಾರ

ಕೆ.ಆರ್. ಪೇಟೆಯಲ್ಲಿ ಮುನಿದು ಕುಳಿತಿರುವ, ಆದರೂ ನನ್ನ ಪ್ರೀತಿಯ ಚಿಕ್ಕಪ್ಪನವರ ಸನ್ನಿಧಿಗೆ,

ನಿಮ್ಮ ಅಣ್ಣನ ಮಗಳು ಪ್ರಮೀಳಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಂಜಿನಿಯರಿಂಗ್ ಮೂರನೇ ವರ್ಷದವರು ಸಾಮಾನ್ಯವಾಗಿ ಸಾಷ್ಟಾಂಗ ಹಾಕುವುದಿಲ್ಲ. ಕಾಗದದ ಮೇಲಾದರೆ ಬಟ್ಟೆ ಕೊಳೆಯಾಗುವುದಿಲ್ಲವೆಂದು ಧಾರಾಳವಾಗಿ ಹಾಕಿದ್ದೇನೆ. ನಿಮ್ಮ ಮಂಡಿನೋವು ಹೇಗಿದೆ? ಚಿಕ್ಕಮ್ಮ ಕಾಯಿಸಿಕೊಡುವ ಎಣ್ಣೆ ಹಚ್ಚುತ್ತೀರೋ, ಇಲ್ಲ ಡೈರಿಯಲ್ಲಿ ಹಾಲಿನ ಕ್ಯಾನುಗಳ ಮುಂದೆ ದಿನವಿಡೀ ನಿಂತೇ ಇರುತ್ತೀರೋ? ಚಿನ್ನುವಿನ ಮುಂದಿನ ಹಲ್ಲು ಬಂತೇ? ಇಲ್ಲಿ ಅಜ್ಜಿಗೆ ಕೆಮ್ಮು ಕಡಿಮೆಯಾಗಿದೆ, ಬಾಯಿ ಕಡಿಮೆಯಾಗಿಲ್ಲ. ಅಪ್ಪ ಆರೋಗ್ಯವಾಗಿದ್ದಾರೆ. ನಿಮ್ಮ ಹೆಸರು ಬಂದಾಗ ಎಲೆಅಡಿಕೆಯನ್ನು ಸ್ವಲ್ಪ ಜೋರಾಗಿ ಅಗಿಯುತ್ತಾರೆ, ಅಷ್ಟೆ.

ಇನ್ನು ವಿಷಯಕ್ಕೆ ಬರುತ್ತೇನೆ. ಸೆಪ್ಟೆಂಬರ್ ಕೊನೆಗೆ ನಮ್ಮ ಕಾಲೇಜಿನಲ್ಲಿ ತಂತ್ರಜ್ಞಾನ ಸಂಶೋಧನೆಯ ಸಮ್ಮೇಳನವೊಂದು ನಡೆಯಲಿದೆ. ದೂರದೂರದ ವಿದ್ವಾಂಸರು ನಾಗಮಂಗಲಕ್ಕೆ ದಾರಿ ಕೇಳಿಕೊಂಡು ಬರುತ್ತಾರೆ, ತಮಗಷ್ಟೇ ತಿಳಿಯುವ ಪ್ರಬಂಧ ಓದುತ್ತಾರೆ, ಊಟ ಮಾಡಿ ಹೋಗುತ್ತಾರೆ. ನಡುವೆ ಜನ ಎದ್ದು ಹೋಗದಿರಲೆಂದು ಕಾರ್ಯಾಗಾರ, ಪಾಠಗೋಷ್ಠಿ, ಸ್ಪರ್ಧೆಗಳನ್ನೂ ಇಡುತ್ತಾರಂತೆ. ಅದಕ್ಕೆ ಯಾರು ಬೇಕಾದರೂ ಪ್ರಸ್ತಾವ ಕೊಡಬಹುದೆಂದು ನೋಟೀಸು ಹಾಕಿದರು. ‘ಯಾರು ಬೇಕಾದರೂ’ ಎಂಬ ಮಾತನ್ನು ನನ್ನಂಥವಳ ಕಣ್ಣಿಗೆ ಬೀಳುವಂತೆ ಹಾಕಬಾರದಿತ್ತು. ಶ್ರೀರಂಗಪಟ್ಟಣದ ಗೆಳತಿ ಸ್ನೇಹ ಇಂಟರ್‌ನೆಟ್ ಬಗ್ಗೆ ಕಾರ್ಯಾಗಾರ ಬೇಕೆಂದು ಬರೆದುಕೊಟ್ಟಳು. ಅದನ್ನು ಅವಳೂ ಕಂಡಿಲ್ಲ, ನಾನೂ ಕಂಡಿಲ್ಲ. ಹುಡುಗರೆಲ್ಲ ಸೇರಿ ಯಂತ್ರದ ಇಲಿಯ ಸ್ಪರ್ಧೆ ಕೇಳಿದರು: ಬ್ಯಾಟರಿ ಹಾಕಿದ ಪುಟ್ಟ ಗಾಡಿಯೊಂದು ಪ್ಲೈವುಡ್ ಗೋಡೆಗಳ ಸಂದಿಯಲ್ಲಿ ತಾನೇ ದಾರಿ ಹುಡುಕಿಕೊಂಡು ಹೋಗಬೇಕು. ನನಗೆ ತಲೆಯೊಳಗೆ ಹುಳ ಬಿಟ್ಟಂತಾಯಿತು. ಗೋಡೆ ಇದ್ದ ಮೇಲೆ ಇಲಿಗೇನು ಕಷ್ಟ? ಗೋಡೆಯೇ ಇಲ್ಲದ, ಎರಡು ಪಕ್ಕವೂ ಕೆಸರಿರುವ ಕಡೆ ಬಿಟ್ಟರೆ ಏನು ಮಾಡುತ್ತದೆ?

ಕೂಡಲೇ ಸರ್ಕಾರಿ ಆದೇಶದ ಭಾಷೆಯಲ್ಲಿ ಮೂರು ಪ್ರಸ್ತಾವ ಗೀಚಿದೆ. ಸ್ಪರ್ಧೆ: ಭತ್ತದ ಗದ್ದೆಯ ಬದುವಿನ ಮೇಲೆ ಸ್ವಯಂಚಾಲಿತ ಯಂತ್ರಗಳ ನಡಿಗೆ, ಬಿದ್ದ ಯಂತ್ರವನ್ನು ಅದರ ನಿರ್ಮಾತೃವೇ ಕೆಸರಿಗಿಳಿದು ಎತ್ತತಕ್ಕದ್ದು. ಪಾಠಗೋಷ್ಠಿ: ತಲೆಯ ಮೇಲೆ ಹುಲ್ಲಿನ ಹೊರೆ ಇದ್ದಾಗ ಸಮತೋಲನ, ಉಪನ್ಯಾಸಕಿ ಶ್ರೀಮತಿ ಪುಟ್ಟತಾಯಮ್ಮನವರು, ಅಂದರೆ ನಮ್ಮಜ್ಜಿ. ಕಾರ್ಯಾಗಾರ: ಬದುವಿಗೆ ಮಣ್ಣು ಮೆತ್ತುವ ಕ್ರಮ, ನಡೆಸಿಕೊಡುವವರು ಸಹೋದರರಾದ ಶ್ರೀ ಜವರಯ್ಯ ಮತ್ತು ಶ್ರೀ ಶಿವಶಂಕರ್. ಹೌದು, ಅಪ್ಪನ ಪಕ್ಕದಲ್ಲಿ ನಿಮ್ಮದೇ ಹೆಸರು. ಸಮಿತಿಯವರು ಬೈದು ಹರಿದು ಹಾಕುತ್ತಾರೆ, ಕ್ಯಾಂಟೀನಿನಲ್ಲಿ ಒಂದು ವಾರ ನಗಬಹುದು ಎಂಬುದಷ್ಟೇ ನನ್ನ ಸಂಶೋಧನೆಯ ಗುರಿಯಾಗಿತ್ತು.

ಸಂಚಾಲಕರಾದ ರವೀಂದ್ರ ಸರ್ ಕರೆಸಿದರು. ಬೈಯಲಿಲ್ಲ, ನಗಲೂ ಇಲ್ಲ. ಬದು ಎಷ್ಟು ಅಗಲ, ಉದ್ದಕ್ಕೂ ಒಂದೇ ಅಗಲವೇ, ಮನುಷ್ಯರು ಅದರ ಮೇಲೆ ಬೀಳದೆ ಹೇಗೆ ನಡೆಯುತ್ತಾರೆ ಎಂದು ಒಂದರ ಹಿಂದೊಂದು ಕೇಳಿದರು. ಹೆಜ್ಜೆ ಕಲಿತಾಗಿನಿಂದ ಓಡಾಡಿದ ಬದು, ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ! ಅಂದಿನಿಂದ ನನಗೆ ಬೇರೇನೂ ತೋಚುತ್ತಿಲ್ಲ, ಚಿಕ್ಕಪ್ಪ. ನಾಲೆಯ ಏರಿಯ ಮೇಲೆ ಕೂತು ಹುಲ್ಲು ಹೊತ್ತು ಬರುವವರ ಪಾದಗಳನ್ನೇ ನೋಡುತ್ತೇನೆ. ಹೆಬ್ಬೆರಳು ಮೊದಲು ಊರುತ್ತಾರೋ, ಹಿಮ್ಮಡಿಯೋ? ಜಾರಿದಾಗ ಮೊದಲು ಸೊಂಟ ತಿರುಗುತ್ತದೋ, ಕೈಯೋ? ನನ್ನ ಕಾಟಕ್ಕೆ ಒಬ್ಬರಂತೂ ಹೊರೆ ಸಮೇತ ಜಾರಿ, ನಾನು ಇಲ್ಲಿ ಬರೆಯಲಾಗದ ಮಾತು ಅಂದು ಹೋದರು. ನಮ್ಮ ಉಪನ್ಯಾಸಕಿ ಅಜ್ಜಿಯನ್ನೇ ಕೇಳಿದೆ. ‘ನಂಗೇನ್ ಗೊತ್ತವ್ವಾ? ಕಾಲು ಹೋಯ್ತದೆ, ಅದ್ರ ಹಿಂದೆ ನಾನೂ ಹೋಯ್ತೀನಿ’ ಎಂದಳು. ಇದನ್ನು ಪಾಠಗೋಷ್ಠಿಯಲ್ಲಿ ಹೇಗೆ ವಿಸ್ತರಿಸುವುದೋ ತಿಳಿಯದು.

ಸ್ಪರ್ಧೆಗೆಂದು ನಾನು ಬರೆದುಕೊಟ್ಟ ಜಾಗ ನಮ್ಮ ನಿಮ್ಮ ಗದ್ದೆಯ ನಡುವಿನ ಬದು. ರಸ್ತೆಗೆ ಹತ್ತಿರ, ಕಾಲೇಜು ಬಸ್ಸು ನಿಲ್ಲಲು ಜಾಗವಿದೆ. ಅದಕ್ಕಿಂತ ಮುಖ್ಯವಾಗಿ, ಇಡೀ ತಾಲ್ಲೂಕಿನಲ್ಲಿ ಅಷ್ಟು ಕಠಿಣವಾದ ಬದು ಇನ್ನೊಂದಿರಲಾರದು. ಅಜ್ಜಿಯ ಕಾಲದಲ್ಲಿ ಹೊರೆ ಹೊತ್ತ ಇಬ್ಬರು ಎದುರುಬದುರಾಗಿ ದಾಟುತ್ತಿದ್ದರಂತೆ. ಈಗ ದರ್ಜಿಯ ಟೇಪು ಹಿಡಿದು ಅಳೆದೆ: ಕೆಲವು ಕಡೆ ನನ್ನ ಅಂಗೈಯಷ್ಟೂ ಇಲ್ಲ. ವರ್ಷಾ ವರ್ಷಾ ಬದು ಕೆತ್ತುವ ನೆಪದಲ್ಲಿ ಆ ಕಡೆಯಿಂದ ನಿಮ್ಮ ಗುದ್ದಲಿ, ಈ ಕಡೆಯಿಂದ ಅಪ್ಪನ ಗುದ್ದಲಿ. ಎರಡು ವರ್ಷದ ಹಿಂದೆ ನಾಟಿಯ ದಿನ ನೀವು ‘ಒಂದ್ ಸಾಲ್ ಪೈರಿನ್ ಜಾಗ ನುಂಗ್ಬುಟ್ಟೆ ಕಣಣ್ಣ’ ಅಂದಿರಿ; ಅಪ್ಪ ‘ನುಂಗಿರೋನು ನೀನು, ಕಕ್ಕು ಮೊದ್ಲು’ ಅಂದರು. ನೀವು ಗದ್ದೆಯನ್ನು ಸೋಮಯ್ಯನಿಗೆ ಬೆಳೆಯ ಪಾಲಿನ ಲೆಕ್ಕದಲ್ಲಿ ವಾರಕ್ಕೆ ಕೊಟ್ಟು ಪೇಟೆ ಸೇರಿದಿರಿ. ಅಂದಿನಿಂದ ಅಜ್ಜಿ ಹಬ್ಬದ ದಿನ ನಿಮ್ಮ ಎಲೆಯನ್ನೂ ಹಾಕಿ, ಆಮೇಲೆ ತಾನೇ ಎತ್ತಿಡುತ್ತಾಳೆ.

ನಿನ್ನೆ ನನ್ನದೇ ಒಂದು ಇಲಿಯನ್ನು ಬದುವಿನ ಮೇಲೆ ಬಿಟ್ಟು ನೋಡಿದೆ. ಅದರ ಮೋಟಾರು ನೀವು ಬಿಟ್ಟುಹೋದ ಟೇಪ್‌ರೆಕಾರ್ಡರಿನದು. ಇದು ಮಾಹಿತಿಗಾಗಿ, ಕ್ಷಮೆಗಾಗಿ ಅಲ್ಲ. ಮೂತಿಯನ್ನು ನಾಲೆಯ ಕಡೆಗೆ ಮಾಡಿ ಬಿಟ್ಟರೆ ನಾಲ್ಕು ಮಾರು ಹೋಗಿ ನಿಮ್ಮ ಗದ್ದೆಗೆ ಬಿತ್ತು. ಮತ್ತೆ ಬಿಟ್ಟೆ, ಮತ್ತೆ ನಿಮ್ಮ ಕಡೆಗೇ. ಅಪ್ಪನಿಗೆ ಹಿಗ್ಗೋ ಹಿಗ್ಗು. ‘ನೋಡ್ದಾ, ಇಲಿಗೂ ಗೊತ್ತಾಗೋಯ್ತು! ಕೆತ್ತಿ ಕೆತ್ತಿ ಆ ಕಡೀಕೆ ವಾಲುಸ್ಬುಟ್ಟವ್ನೆ’ ಎಂದರು. ನನಗೋ ಅನುಮಾನ. ಇಲಿಯನ್ನು ಎತ್ತಿ ಮೂತಿ ರಸ್ತೆಯ ಕಡೆಗೆ ತಿರುಗಿಸಿ ಬಿಟ್ಟೆ. ಅಷ್ಟೇ ದೂರ ಹೋಗಿ ಅಪ್ಪನ ಗದ್ದೆಗೆ ಬಿತ್ತು! ತಪ್ಪು ಬದುವಿನದಲ್ಲ, ಎಡಗಡೆಯ ಚಕ್ರ ನಿಧಾನ, ಹೇಗೆ ಬಿಟ್ಟರೂ ಎಡಕ್ಕೇ ವಾಲುತ್ತದೆ. ಸೋಮಯ್ಯ ಅಲ್ಲೇ ನಿಂತಿದ್ದವನು ‘ನ್ಯಾಯ ಅಂದ್ರೆ ಇದು ಕಣಣ್ಣೋ’ ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪ ನಗಲಿಲ್ಲ. ಆದರೆ ಮುಂದಿನ ಸಲ ಇಲಿ ನಿಮ್ಮ ಕಡೆ ಬಿದ್ದಾಗ ನನಗಿಂತ ಮೊದಲು ಅವರೇ ಪಂಚೆ ಎತ್ತಿ ಕಟ್ಟಿ ಇಳಿದರು. ಎರಡು ವರ್ಷದಲ್ಲಿ ನಿಮ್ಮ ಗದ್ದೆಗೆ ಅವರು ಕಾಲಿಟ್ಟದ್ದು ಅದೇ ಮೊದಲು. ಎಷ್ಟು ಹೊತ್ತಾದರೂ ಮೇಲೆ ಬರದಿದ್ದಾಗ ನೋಡಿದೆ: ಎಡಗೈಯಲ್ಲಿ ಇಲಿ, ಬಲಗೈಯಲ್ಲಿ ನಿಮ್ಮ ಗದ್ದೆಯ ಕಳೆ. ‘ಸೋಮಯ್ಯನ್ಗೆ ಕಣ್ಣಿಲ್ವ?’ ಎಂದು ಗೊಣಗುತ್ತಾ ಕೀಳುತ್ತಲೇ ಇದ್ದರು.

ಆದ್ದರಿಂದ ತಮ್ಮಲ್ಲಿ ಅರಿಕೆ ಏನೆಂದರೆ: ರವೀಂದ್ರ ಸರ್ ಎರಡು ಷರತ್ತು ಹಾಕಿದ್ದಾರೆ. ತೀರ್ಪುಗಾರರು ಬೀಳದಂತೆ ಬದು ಉದ್ದಕ್ಕೂ ಒಂದು ಗೇಣಾದರೂ ಅಗಲವಿರಬೇಕು. ಮತ್ತು ಎರಡು ಕಡೆಯ ಮಾಲೀಕರೂ ಒಟ್ಟಿಗೆ ನಿಂತು ಒಪ್ಪಿಗೆ ಕೊಡಬೇಕು; ಒಬ್ಬರು ಒಪ್ಪಿ ಇನ್ನೊಬ್ಬರು ಗುದ್ದಲಿ ಹಿಡಿದು ಬಂದರೆ ವಿದ್ವಾಂಸರು ಓಡಲಾರರು. ಬರುವ ಶನಿವಾರದೊಳಗೆ ಆಗದಿದ್ದರೆ ಪ್ಲೈವುಡ್ ಇಲಿಯೇ ಗತಿ, ನನ್ನ ಪ್ರಶ್ನೆಗಳೂ ಅಲ್ಲಿಗೇ ಮುಗಿದವು. ನೀವು ಅಪ್ಪನ ಜೊತೆ ಮಾತಾಡಲೇಬೇಕೆಂದಿಲ್ಲ. ಆಚೆಗೊಬ್ಬರು ಈಚೆಗೊಬ್ಬರು ನಿಂತು ತಲೆ ಆಡಿಸಿದರೂ ಸಾಕು, ನಡುವೆ ಇಲಿ ಓಡಾಡಿಕೊಂಡಿರುತ್ತದೆ.

ಚಿಕ್ಕಮ್ಮನಿಗೆ ನಮಸ್ಕಾರ, ಚಿನ್ನುವಿಗೆ ಒಂದು ಗುದ್ದು ಮತ್ತು ಎರಡು ಮುತ್ತು. ಮಂಡಿಗೆ ಎಣ್ಣೆ ಮರೆಯಬೇಡಿ.

ಇಂತಿ ತಮ್ಮ ವಿಧೇಯಳೆಂದು ಹೇಳಿಕೊಳ್ಳುವ,
ಪ್ರಮೀಳಾ
ಬದು ಸ್ಪರ್ಧೆಯ ಸದ್ಯದ ಏಕೈಕ ಸಂಘಟಕಿ

ತಾ.ಕ.: ಇದನ್ನು ಅಂಚೆಗೆ ಹಾಕದೆ ಕೆ.ಆರ್. ಪೇಟೆ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೇನೆ, ಕಾರಣವಿದೆ. ಲಕೋಟೆ ಅಂಟಿಸಲು ಕೂತಾಗ ಅಜ್ಜಿ ಗದ್ದೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಅಪ್ಪ ತಮ್ಮ ಕಡೆಯ ಒಂದು ಸಾಲು ಪೈರನ್ನು ತಾವೇ ಕಿತ್ತು, ಆ ಜಾಗದ ಮಣ್ಣನ್ನು ಬದುವಿಗೆ ಮೆತ್ತಿದ್ದಾರೆ, ನಾಲೆಯಿಂದ ರಸ್ತೆಯವರೆಗೂ. ನಿಮ್ಮ ಕಡೆಯನ್ನು ಮುಟ್ಟಿಲ್ಲ. ಯಾಕಪ್ಪ ಅರ್ಧ ಬಿಟ್ಟೆ ಎಂದೆ. ‘ಅದು ಅವನ್ದು. ಅವನೇ ಬಂದು ಆಕ್ಲಿ. ಈ ಮಣ್ಣು ಒಣಗೋದ್ರೆ ಆ ಮಣ್ಣು ಕಚ್ಚಾಕಿಲ್ಲ, ಬಿರ್‍ನೆ ಬಾ ಅನ್ನು’ ಎಂದರು. ನಾಳೆ ಬೆಳಿಗ್ಗೆಯ ಬಸ್ಸಿಗೇ ಬನ್ನಿ ಚಿಕ್ಕಪ್ಪ, ಇವತ್ತು ಬಿಸಿಲು ಜೋರಾಗಿದೆ.